ತೊಳೆದ ಶೀಶೆಯಲ್ಲಿ ಉಳಿದ ಸೋಪು

ನಾನು ಶೀಶೆ ತೊಳೆಯೋ ಕೆಲಸದೋನು. ಯುದ್ಧ ಮುಗಿದ ಮಾರನೇ ವರ್ಷ ದಂಡಿನ ಕಡೆ, ಅಂದ್ರೆ ಕಂಟೋನ್ಮೆಂಟಲ್ಲಿ, ಒಂದು ಲ್ಯಾಬಲ್ಲಿ ಆ ಕೆಲಸ ಸಿಕ್ತು. ಅದಕ್ಕೆ ಮುಂಚೆ ಬ್ಲಾಕ್‌ಪಳ್ಳಿ ಮಾರ್ಕೆಟ್ ಹಿಂದೆ ಒಂದು ಮಿಲಿಟರಿ ಹೋಟ್ಲಲ್ಲಿ ತಟ್ಟೆ ತೊಳೀತಿದ್ದೆ. ಅಲ್ಲಿ ತೊಳೆಯೋದು ಅಂದ್ರೆ ಒಂದು ಬೋಗುಣಿ ನೀರು, ಒಂದು ಹಿಡಿ ಬೂದಿ, ತೆಂಗಿನ ನಾರು. ಮಟನ್ ಜಿಡ್ಡು ತಣ್ಣೀರಿಗೆ ಬಿಡಲ್ಲ. ಎಷ್ಟು ಉಜ್ಜಿದ್ರೂ ತಟ್ಟೆ ಮೇಲೆ ಬೆರಳು ಜಾರುತ್ತೆ. ಗಿರಾಕಿ ಮುಖ ಸಿಂಡರಿಸಿದ್ರೆ ಬಡಿಸೋನು, "ತುಪ್ಪ ಹಚ್ಚಿದೀವಿ ಸಾರ್, ಸುಮ್ನೆ ಉಣ್ಣಿ" ಅಂತಿದ್ದ.

ಲ್ಯಾಬು ಇದ್ದದ್ದು ಕುಕ್ ಟೌನ್ ಪಕ್ಕ ಒಂದು ಹಳೇ ಬಂಗಲೇಲಿ. ಮುಂದಿನ ಹಾಲಲ್ಲಿ ಡಾಕ್ಟರ ಮೇಜು, ಪಕ್ಕದಲ್ಲಿ ಒಂದು ಕತ್ತಲೆ ರೂಮು, ಹಿತ್ತಲಲ್ಲಿ ನಲ್ಲಿ, ಬಾವಿ, ನಾನು. ಕೆಲಸಕ್ಕಿದ್ದದ್ದು ಮೂರೇ ಜನ. ಡಾಕ್ಟರು, ಮೇಸ್ತ್ರಿ, ನಾನು. ಮೇಸ್ತ್ರಿ ಅಂದ್ರೆ ಡಾಕ್ಟರ ಕೈಕೆಳಗೆ ಸಾಮಾನು ನೋಡ್ಕೊಳ್ಳೋ ಸಾಬರು. ಬ್ಲಾಕ್‌ಪಳ್ಳಿಯೋರು. ವಯಸ್ಸು ಐವತ್ತು. ಬಾಯಿ ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ.

ಡಾಕ್ಟರು ರೋಗಿಗಳನ್ನ ನೋಡ್ತಿರ್ಲಿಲ್ಲ. ಜ್ವರವನ್ನ ನೋಡ್ತಿದ್ರು. ಚಳಿ ಶುರುವಾದ್ರೆ ಸಾಕು, ಸಿಪಾಯಿಗಳ ಬ್ಯಾರಕ್ಕಿಂದ ಹಿಡಿದು ಹಲಸೂರಿನ ಗಲ್ಲಿಗಳವರೆಗೂ ಫ್ಲೂ ಜ್ವರ ಹರಡೋದು. ಜ್ವರ ಬಂದೋರ ಗಂಟಲು ಮುಕ್ಕಳಿಸಿದ ನೀರನ್ನ ಶೀಶೇಲಿ ತುಂಬಿ ನಮ್ಮಲ್ಲಿಗೆ ಕಳಿಸೋರು. ಡಾಕ್ಟರು ಅದನ್ನ ಮರಿ ಬೆಳೀತಿರೋ ಕೋಳಿ ಮೊಟ್ಟೆಯೊಳಗೆ ಸೂಜಿಯಿಂದ ಬಿಡೋರು. ಜ್ವರ ಮೊಟ್ಟೆಯಲ್ಲಿ ಬೆಳೆಯೋದು. ಈ ವರ್ಷದ ಜ್ವರ ಯಾವ ಜಾತೀದು ಅಂತ ಗೊತ್ತಾದ್ರೆ ಚುಚ್ಚುಮದ್ದು ಮಾಡೋರಿಗೆ ಅನುಕೂಲ. ಅದೇ ಕೆಲಸ.

ಸೇರಿದ ಮೊದಲ ದಿನ ಡಾಕ್ಟರು ನನ್ನ ಬಲಗೈಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ರು.

"ನೀರಲ್ಲಿ ತೊಳಿ" ಅಂದ್ರು.

ತೊಳೆದೆ. ಹೋಗ್ಲಿಲ್ಲ.

"ಈಗ ಸೋಪು ಹಾಕು."

ಹಾಕ್ದೆ, ಹೋಯ್ತು. ಇದನ್ನ ತೋರಿಸೋಕೆ ಇಷ್ಟು ಓದಿರೋರು ಬೇಕಾ ಅಂತ ನಂಗೆ ನಗು ಬಂತು.

"ನಗ್ಬೇಡ. ಸೋಪಿನ ಒಂದೊಂದು ಕಣಕ್ಕೂ ತಲೆ ಇದೆ, ಬಾಲ ಇದೆ ಅನ್ಕೋ. ತಲೆಗೆ ನೀರು ಇಷ್ಟ. ಬಾಲಕ್ಕೆ ನೀರು ಕಂಡ್ರಾಗಲ್ಲ, ಜಿಡ್ಡು ಬೇಕು. ಬಾಲ ಹೋಗಿ ಜಿಡ್ಡಿಗೆ ಚುಚ್ಕೊಳ್ಳುತ್ತೆ, ತಲೆ ನೀರಿನ ಕಡೆ ಎಳೆಯುತ್ತೆ. ಎಲ್ಲಾ ಸೇರಿ ಎಳೆದ್ರೆ ಜಿಡ್ಡು ಚೂರುಚೂರಾಗಿ ನೀರಿನ ಜೊತೆ ಹೊರಟುಹೋಗುತ್ತೆ."

"ಸರಿ ಸಾರ್. ಅದಕ್ಕೂ ಜ್ವರಕ್ಕೂ ಏನು?"

"ಈ ಫ್ಲೂ ಜ್ವರ ತರೋದು ವೈರಸ್ ಅಂತ ಒಂದು. ಕಣ್ಣಿಗೆ ಕಾಣಲ್ಲ, ನಮ್ಮ ಈ ಮೈಕ್ರೋಸ್ಕೋಪಿಗೂ ಕಾಣಲ್ಲ. ಅದರ ಮೈಯಲ್ಲೂ ಜಿಡ್ಡಿದೆ ಅಂತ ಈಗ ಗೊತ್ತಾಗಿದೆ. ಸೋಪು ಸೋಕಿದ್ರೆ ಅದು ಕೆಟ್ಟುಹೋಗುತ್ತೆ. ಬಹುಶಃ ಅದರ ಜಿಡ್ಡಿಗೇ ಬಾಲ ಚುಚ್ಚಿ ಹರಿದುಹಾಕುತ್ತೆ ಅಂತ ನನ್ನ ಲೆಕ್ಕ. ಅದಕ್ಕೇ ಇಲ್ಲಿ ಶೀಶೆ ಮುಟ್ಟಿದ ಕೈ ಸೋಪು ಹಾಕದೆ ಬಾಯಿಗೆ ಹೋಗ್ಬಾರ್ದು. ಬೀಡಿನೂ ಅಷ್ಟೇ."

"ಎಲ್ಲಾ ಜ್ವರನೂ ಹಂಗೇ ಸಾಯುತ್ತಾ ಸಾರ್?"

"ಇಲ್ಲ. ಮಕ್ಕಳ ಕಾಲು ಬೀಳಿಸೋ ಕಾಯಿಲೆ ಇದ್ಯಲ್ಲ, ಅದರದ್ದು ಬೇರೆ ಜಾತಿ. ಅದಕ್ಕೆ ಸೋಪಿನ ಭಯ ಇಲ್ಲ. ತೊಳೆದ್ರೆ ಕೈಯಿಂದ ಜಾರಿಹೋಗ್ಬಹುದು ಅಷ್ಟೆ, ಸಾಯಲ್ಲ."

ನಾನು ಕೇಳಿದ್ದಕ್ಕೆಲ್ಲ ಜವಾಬು ಕೊಟ್ರು. ಗೊತ್ತಿಲ್ದೇ ಇರೋದನ್ನ ಗೊತ್ತಿಲ್ಲ ಅಂದ್ರು. ಅಲ್ಲಿವರೆಗೆ ನಂಗೆ ಕೆಲಸ ಕೊಟ್ಟೋರು ಯಾರೂ ಗೊತ್ತಿಲ್ಲ ಅಂದಿದ್ದು ನಾನು ಕೇಳಿರ್ಲಿಲ್ಲ. ಅವತ್ತಿಂದ ಆ ಮನುಷ್ಯನ ಮೇಲೆ ಗೌರವ. ಸೋಪಿನ ಮೇಲೂ.

ಮೊಟ್ಟೆ ತರ್ತಿದ್ದದ್ದು ಬಾಣಸವಾಡಿಯ ಒಬ್ಬ ಹೆಂಗಸು. ನಾವು ಮೊಟ್ಟೆಯಮ್ಮ ಅಂತಿದ್ವಿ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದ ಹೊಲ ಯುದ್ಧದ ಹೊತ್ತಲ್ಲಿ ಮಿಲಿಟರಿ ಕ್ಯಾಂಪಿಗೆ ಅಂತ ಹೋಯ್ತು. ಉಳಿದದ್ದು ಕೋಳಿ. ನಲವತ್ತು ಕೋಳಿ ಸಾಕಿದ್ಲು. ನಮಗೆ ಬೇಕಾದದ್ದು ತಿನ್ನೋ ಮೊಟ್ಟೆ ಅಲ್ಲ, ಹುಂಜದ ಜೊತೆ ಇರೋ ಕೋಳಿ ಇಟ್ಟ ಮೊಟ್ಟೆ, ಮರಿ ಆಗೋ ಮೊಟ್ಟೆ. ಮಾರ್ಕೆಟ್ಟಲ್ಲಿ ಅದನ್ನ ನಂಬೋಕಾಗಲ್ಲ. ಈಯಮ್ಮ ವಾರಕ್ಕೆರಡು ಸಲ ಬುಟ್ಟೀಲಿ ಹುಲ್ಲು ಹಾಸಿ, ಮೊಟ್ಟೆ ಜೋಡ್ಸಿ, ತಲೆ ಮೇಲೆ ಹೊತ್ಕೊಂಡು ನಡ್ಕೊಂಡೇ ಬರೋಳು. ಒಂದೂ ಒಡೀತಿರ್ಲಿಲ್ಲ. ಪರೀಕ್ಷೆಗೆ ಕೋಳಿ ರಕ್ತವೂ ಬೇಕಿತ್ತು. ಬೇಕಾದಾಗ ಒಂದು ಕೋಳೀನ ಕಂಕುಳಲ್ಲಿ ಇಟ್ಕೊಂಡು ಬರೋಳು. ಡಾಕ್ಟರು ರೆಕ್ಕೆ ಕೆಳಗಿನ ನರದಿಂದ ಒಂದು ಚಮಚದಷ್ಟು ರಕ್ತ ತೆಗೆಯೋವರೆಗೆ ಅದರ ಕಿವಿ ಹತ್ರ ಏನೋ ಮಾತಾಡ್ತಾ ನಿಲ್ಲೋಳು. ಆಮೇಲೆ ವಾಪಸ್ ಎತ್ಕೊಂಡು ಹೋಗೋಳು.

ಮೇಸ್ತ್ರಿ ಅವಳನ್ನ ರೇಗಿಸದೆ ಬಿಡ್ತಿರ್ಲಿಲ್ಲ.

"ಏನಮ್ಮಾ, ಇವತ್ತು ಮೊಟ್ಟೆ ಸಣ್ಣದಾಗಿದೆ? ಕೋಳಿದಾ, ಗುಬ್ಬಚ್ಚಿದಾ?"

"ನಿನ್ ಕಣ್ಣು ಸಣ್ಣದಾಗೈತೆ ಸಾಬ್ರೆ. ಸುರ್ಮ ಕಮ್ಮಿ ಹಚ್ಕೋ."

ನನ್ನನ್ನ 'ತೊಳೆಯೋನೇ' ಅಂತ ಕರೆಯೋಳು. "ಏನ್ಲಾ ತೊಳೆಯೋನೇ, ನೀರು ಕೊಡ್ಲಾ." ನಾನು ಚೊಂಬು ಕೊಡ್ತಿದ್ದೆ. ಅವಳು ಎತ್ತಿ ಕುಡಿದು, ಉಳಿದ ನೀರಲ್ಲಿ ಮುಖ ತೊಳ್ಕೊಂಡು ಹೊರಡೋಳು.

ಮೊಟ್ಟೆ ಕೆಲಸ ಹೀಗೆ. ಸೀಮೆಎಣ್ಣೆ ದೀಪದ ಕಾವು ಪೆಟ್ಟಿಗೇಲಿ ಹತ್ತು ದಿನ ಇಡೋದು. ಕತ್ತಲೆ ರೂಮಲ್ಲಿ ದೀಪದ ಮುಂದೆ ಹಿಡಿದ್ರೆ ಒಳಗೆ ಕೆಂಪು ನರ ಕಾಣುತ್ತೆ, ಮಧ್ಯೆ ಒಂದು ಕಪ್ಪು ಚುಕ್ಕೆ ಮಿಸುಕಾಡ್ತಿರುತ್ತೆ. ಅದು ಮರಿ. ಅಂಥಾ ಮೊಟ್ಟೆಗೆ ಸಣ್ಣ ತೂತು ಮಾಡಿ ಜ್ವರದ ನೀರು ಬಿಟ್ಟು, ಮೇಣ ಮೆತ್ತಿ, ಮತ್ತೆ ಎರಡು ದಿನ ಕಾವಿಗೆ. ಆಮೇಲೆ ಮೊಟ್ಟೆಯೊಳಗಿನ ನೀರು ತೆಗೆದು, ಉಪ್ಪುನೀರಲ್ಲಿ ತೊಳೆದು ತೆಳು ಮಾಡಿದ ಕೋಳಿ ರಕ್ತದ ಜೊತೆ ಟ್ಯೂಬಲ್ಲಿ ಬೆರೆಸಿ ನಿಲ್ಸೋದು. ಜ್ವರ ಬೆಳೆದಿದ್ರೆ ರಕ್ತದ ಕಣಗಳು ಒಂದಕ್ಕೊಂದು ಅಂಟ್ಕೊಂಡು ಟ್ಯೂಬಿನ ತಳಕ್ಕೆಲ್ಲಾ ಚಾಪೆ ಹಾಸಿದ ಹಾಗೆ ಹರಡ್ಕೊಳ್ಳುತ್ತೆ. ಬೆಳೆದಿಲ್ಲ ಅಂದ್ರೆ ರಕ್ತ ಜಾರಿ ತಳದಲ್ಲಿ ದುಂಡಗೆ ಕೂರುತ್ತೆ, ಹಣೆಗಿಟ್ಟ ಕುಂಕುಮದ ಹಾಗೆ. ನಾವು ಮೂರು ಜನ ಅದನ್ನ ಚಾಪೆ, ಬೊಟ್ಟು ಅಂತಲೇ ಕರೀತಿದ್ವಿ. ಕಣ್ಣಿಗೆ ಕಾಣದ್ದನ್ನ ಒಂದು ಬೊಟ್ಟಿಂದ ಕಂಡುಹಿಡೀತಾರಲ್ಲ ಅಂತ ನಾನು ಪ್ರತಿಸಲ ಹೋಗಿ ಬಗ್ಗಿ ನೋಡ್ತಿದ್ದೆ.

ನನ್ನ ಪಾಲು ಟ್ಯೂಬು, ಶೀಶೆ. ದಿನಕ್ಕೆ ಇನ್ನೂರು. ಮೊದ್ಲು ಕುದಿಸೋದು, ಆಮೇಲೆ ಬಟ್ಟೆ ಸೋಡಾ ನೀರಲ್ಲಿ ನೆನೆಸಿ ಉಜ್ಜೋದು, ಆಮೇಲೆ ನೀರಲ್ಲಿ ಎಂಟು ಸಲ ಜಾಲಿಸೋದು, ಕೊನೆಗೆ ಬಟ್ಟಿ ಇಳಿಸಿದ ನೀರಲ್ಲಿ ಒಂದು ಸಲ. ಎಂಟು ಅಂದ್ರೆ ಎಂಟು. ಗೋಡೆ ಮೇಲೆ ಡಾಕ್ಟರು ಬರೆದು ಅಂಟಿಸಿದ್ರು.

ಆ ಬೇಸಿಗೇಲಿ ಸೋಡಾ ಸಿಗೋದು ನಿಂತೋಯ್ತು. ಬದಲಿಗೆ ಮಿಲಿಟರಿ ಸ್ಟೋರಿಂದ ಒಂದು ತಗಡಿನ ಡಬ್ಬ ಬಂತು. ಮುಚ್ಚಳ ತೆಗೆದ್ರೆ ಬೆಲ್ಲದ ಪಾಕದ ಹಾಗೆ ಮೆತ್ತನೆ ಸೋಪು. ಒಂದು ಬೆರಳಷ್ಟು ತೆಗೆದು ಬೋಗುಣಿಗೆ ಹಾಕಿದ್ರೆ ಮೊಣಕೈವರೆಗೂ ನೊರೆ. ಗಾಜು ಕನ್ನಡಿ ಆಗ್ಬಿಡೋದು. ಬೂದೀಲಿ ಉಜ್ಜಿ ಉಜ್ಜಿ ಉಗುರು ಸವೆದೋನಿಗೆ ಅದು ಎಷ್ಟು ಖುಷಿ ಕೊಡ್ತು ಅಂತ ಹೇಳೋಕಾಗಲ್ಲ. ಹೊಳೆಯೋ ಟ್ಯೂಬನ್ನ ಬಿಸಿಲಿಗೆ ಹಿಡಿದು ಮೇಸ್ತ್ರಿಗೆ ತೋರಿಸ್ತಿದ್ದೆ.

ಅದೇ ಬೇಸಿಗೇಲಿ ನಲ್ಲಿ ನೀರು ಬೆಳಗ್ಗೆ ಎರಡು ಗಂಟೆ ಹೊತ್ತು ಬಂದು ನಿಂತುಹೋಗೋದು. ಆಮೇಲೆ ಬಾವಿ ಸೇದ್ಬೇಕು. ಇನ್ನೂರು ಟ್ಯೂಬಿಗೆ ಎಂಟು ಸಲ ಜಾಲಿಸೋಷ್ಟು ನೀರು ಸೇದಿದ್ರೆ ಭುಜ ಬಿದ್ದೋಗುತ್ತೆ. ನಾನೇನು ಮಾಡ್ದೆ? ಒಂದೇ ಸಲ ಜಾಲಿಸ್ದೆ. ಸೋಮಾರಿತನ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಬರೀ ಸೋಮಾರಿತನ ಅಲ್ಲ. ಬೂದಿ ಆದ್ರೆ ತೊಳೀಬೇಕು, ಅದು ಕೊಳೆ. ಸೋಡಾ ಆದ್ರೂ ತೊಳೀಬೇಕು, ಅದು ಕೈ ಸುಡುತ್ತೆ. ಸೋಪನ್ನ ಯಾಕೆ ತೊಳೀಬೇಕು? ಕೊಳೆ ತೆಗೆಯೋದೇ ಅದು. ಜ್ವರ ಸಾಯಿಸೋದೂ ಅದೇ ಅಂತ ಡಾಕ್ಟರೇ ಹೇಳಿದಾರೆ. ಒಂದಿಷ್ಟು ಉಳಿದ್ರೆ ಟ್ಯೂಬು ಇನ್ನೂ ಚೊಕ್ಕ ಇರುತ್ತೆ ಅಂತ ನನ್ನ ತಲೆ. ನಮ್ಮನೇಲಿ ಯಾರನ್ನ ಕೇಳಿದ್ರೂ ಹಂಗೇ ಹೇಳ್ತಿದ್ರು.

ಎರಡು ವಾರದಲ್ಲಿ ಲ್ಯಾಬಿನ ಕೆಲಸ ಕೆಟ್ಟೋಯ್ತು. ಯಾವ ಟ್ಯೂಬು ನೋಡಿದ್ರೂ ಬೊಟ್ಟು. ಆ ವರ್ಷ ಬೇಸಿಗೇಲೂ ಜ್ವರ ಬಿಟ್ಟಿರ್ಲಿಲ್ಲ. ಬ್ಯಾರಕ್ಕಲ್ಲಿ ಜನ ಜ್ವರದಿಂದ ನಡುಗ್ತಾ ಮಲಗಿದಾರೆ, ನಮ್ಮ ಮೊಟ್ಟೇಲಿ ಮಾತ್ರ ಜ್ವರ ಇಲ್ಲ. ಕೆಲವು ಟ್ಯೂಬಲ್ಲಿ ಬೊಟ್ಟೂ ಇಲ್ಲ, ಚಾಪೇನೂ ಇಲ್ಲ. ರಕ್ತವೇ ಒಡೆದು ಕೆಂಪು ಷರಬತ್ತಿನ ಹಾಗೆ ತಿಳಿಯಾಗಿ ನಿಂತಿತ್ತು.

"ಮೊಟ್ಟೆ ಸರಿ ಇಲ್ಲ ಸಾಬ್" ಅಂದ್ರು ಮೇಸ್ತ್ರಿ. "ರಕ್ತ ನೋಡಿ. ಒಳ್ಳೇ ಕೋಳಿ ರಕ್ತ ಹಿಂಗಾಗುತ್ತಾ? ಆಯಮ್ಮನ ಕೋಳಿಗೆ ಏನೋ ಬಡಿದಿದೆ."

ಡಾಕ್ಟರು ಎರಡು ದಿನ ಯೋಚ್ನೆ ಮಾಡಿದ್ರು. ಮೊಟ್ಟೆನೂ ಅವಳದ್ದು, ರಕ್ತನೂ ಅವಳ ಕೋಳೀದು. ಎರಡೂ ಕೆಟ್ಟಿದೆ. ಆ ವರ್ಷ ಸುತ್ತಮುತ್ತ ಹಳ್ಳೀಲಿ ಕೊಕ್ಕರೆ ರೋಗ ಬಂದು ಕೋಳಿಗಳು ಗುಂಪು ಗುಂಪಾಗಿ ಸಾಯ್ತಿದ್ವು. ಇವಳ ಕೋಳಿಗಳ ಒಳಗೂ ಅದು ಇರಬಹುದು, ಇಲ್ಲಿಂದ ಬೇರೆ ಕಡೆಗೂ ಹರಡಬಹುದು ಅಂತ ಅವರಿಗೆ ಅನ್ನಿಸ್ತು. ದನದ ಡಾಕ್ಟರ ಆಫೀಸಿಗೆ ಕಾಗದ ಬರೆದ್ರು. ಅಲ್ಲಿಂದ ಜವಾಬು ಬಂತು. ಬರೋ ಸೋಮವಾರ ಬೆಳಗ್ಗೆ ಜನ ಕಳಿಸ್ತೀವಿ, ಅಷ್ಟೂ ಕೋಳೀನ ಕೊಂದು ಸುಣ್ಣ ಹಾಕಿ ಹೂಳ್ತೀವಿ ಅಂತ.

ಮೊಟ್ಟೆಯಮ್ಮನಿಗೆ ಈ ವಿಷ್ಯ ಹೇಳೋವಾಗ ನಾನು ಅಲ್ಲೇ ಇದ್ದೆ. ಅವಳು ಬುಟ್ಟಿ ಕೆಳಗಿಟ್ಟು ಕೇಳಿದ್ಲು. ಅಳ್ಲಿಲ್ಲ. ಸೀದಾ ಎದ್ದು ಹೋದ್ಲು. ಅದೇ ದಿನ ಮಧ್ಯಾಹ್ನ ಬುಟ್ಟಿ ತುಂಬಾ ಮೊಟ್ಟೆ ಬದಲು ಮರಿ ತಂದ್ಲು. ಹನ್ನೊಂದು ಮರಿ. ಹಾಲಿನ ನೆಲದ ಮೇಲೆ ಬಿಟ್ಲು.

"ನಿಮಗೆ ಕೊಟ್ಟ ಗೂಡಿನ ಮೊಟ್ಟೇನೇ ನನ್ನ ಕೋಳಿ ಕೆಳಗೂ ಇಟ್ಟಿದ್ದೆ ಸ್ವಾಮಿ. ಹನ್ನೆರಡಕ್ಕೆ ಹನ್ನೊಂದು ಒಡ್ದವೆ. ಕೆಟ್ಟ ಮೊಟ್ಟೆ ಹಿಂಗೆ ಓಡಾಡ್ತಾವಾ?"

ಮರಿಗಳು ಡಾಕ್ಟರ ಬೂಟಿನ ದಾರ ಕುಕ್ಕೋಕೆ ಶುರು ಮಾಡಿದ್ವು.

"ಮರಿ ಆಗೋದು ಬೇರೆ ಅಮ್ಮ" ಅಂದ್ರು ಡಾಕ್ಟರು, ಮೆತ್ತಗೆ. "ಕಾಯಿಲೆ ಒಳಗೆ ಇರುತ್ತೆ."

"ಒಳಗಿರೋದು ನಿಮಗೆ ಹೆಂಗೆ ಕಾಣ್ತು?"

ಅವರು ಬಗ್ಗಿ ಬೂಟಿನ ದಾರ ಬಿಡಿಸ್ಕೊಂಡ್ರು. ಅವಳು ಮರಿಗಳನ್ನ ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕ್ಕೊಂಡ್ಲು. ಒಂದು ಬೀರು ಕೆಳಗೆ ಹೋಗಿತ್ತು. ಮೇಸ್ತ್ರಿ ನೆಲದ ಮೇಲೆ ಮಲಗಿ ಅದನ್ನ ಎಳೆದು ಕೊಟ್ರು. ಅವಳು ಅದನ್ನ ಇಸ್ಕೊಳ್ಳೋವಾಗ ಅವರ ಮುಖ ನೋಡ್ಲಿಲ್ಲ.

ಅವಳು ಹೋದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕರೆದು, "ನಾಳೆ ಪ್ರತಿಯೊಬ್ಬರೂ ಅವರವರ ಕೆಲಸ ಮೊದಲಿಂದ ಕೊನೆವರೆಗೂ ಮಾಡಿ ತೋರಿಸ್ಬೇಕು. ಮೊದಲು ನಾನು" ಅಂದ್ರು. ಮಾರನೇ ದಿನ, ಮಂಗಳವಾರ, ಅವರೇ ಸೂಜಿ ಕಾಯಿಸೋದ್ರಿಂದ ಹಿಡಿದು ಮೇಣ ಮೆತ್ತೋವರೆಗೂ ನಮ್ಮ ಮುಂದೆ ಮಾಡಿ, "ಎಲ್ಲಾದ್ರೂ ತಪ್ಪಿದೆಯಾ ನೋಡಿ" ಅಂದ್ರು. ಅಷ್ಟು ಓದಿದ ಮನುಷ್ಯ ಶೀಶೆ ತೊಳೆಯೋನ ಮುಂದೆ ಪರೀಕ್ಷೆಗೆ ನಿಂತಿದ್ದನ್ನ ನಾನು ಎಲ್ಲೂ ಕಂಡಿಲ್ಲ. ಮೇಸ್ತ್ರಿ ತೋರಿಸಿದ್ರು. ಆಮೇಲೆ ನನ್ನ ಸರದಿ.

ನಾನು ಎಂಟು ಸಲ ಜಾಲಿಸ್ದೆ. ಎಂಟು! ಕೊನೆಗೆ ಬಟ್ಟಿ ನೀರು. "ದಿನಾ ಹೀಗೇನಾ?" ಅಂತ ಕೇಳಿದ್ರು. "ಹೂಂ ಸಾರ್" ಅಂದೆ. "ಒಳ್ಳೇದು" ಅಂತ ಬೆನ್ನು ತಟ್ಟಿ ಹೋದ್ರು. ಆಗ ನಂಗೆ ಸೋಪೇ ಕಾರಣ ಅಂತ ಗೊತ್ತಿರ್ಲಿಲ್ಲ. ನಿಯಮ ತಪ್ಪಿಸಿದ್ದಕ್ಕೆ ಬೈಗುಳ ಬೀಳುತ್ತೆ ಅಂತ ಸುಳ್ಳು ಹೇಳ್ದೆ, ಅಷ್ಟೆ.

ಗೊತ್ತಾದದ್ದು ಬುಧವಾರ ಮಧ್ಯಾಹ್ನ. ಬಾಯಾರಿಕೆ ಆಗಿತ್ತು. ಚೊಂಬು ಬಾವಿ ಹತ್ರ ಇತ್ತು. ಬೀರಲ್ಲಿ ಹೋದ ವಾರ ನಾನೇ ತೊಳೆದಿಟ್ಟ ಒಂದು ದೊಡ್ಡ ಶೀಶೆ ಇತ್ತು. ಚೊಕ್ಕವಾಗಿದೆ, ಇನ್ನೂ ಯಾವ ಜ್ವರನೂ ಅದಕ್ಕೆ ಹಾಕಿಲ್ಲ ಅಂತ ಅದಕ್ಕೇ ಮಡಕೆ ನೀರು ಬಗ್ಗಿಸ್ದೆ. ಎತ್ತಿ ಕುಡಿಯೋಕೆ ಹೋದ್ರೆ ಮೇಲೆ ನೊರೆ. ಅಲ್ಲಾಡ್ಸಿದೆ. ನೊರೆ ಕುತ್ತಿಗೆವರೆಗೂ ಬಂತು.

ನೊರೆ ಇದ್ರೆ ಸೋಪಿದೆ. ಸೋಪಿದ್ರೆ ಜ್ವರ ಸಾಯುತ್ತೆ. ಗಂಟಲ ನೀರು ತುಂಬಿ ಬರೋದೇ ನಾನು ತೊಳೆದು ಕೊಟ್ಟ ಇಂಥಾ ಶೀಶೇಲಿ. ಮೊಟ್ಟೆಗೆ ಹೋಗೋಕೆ ಮುಂಚೆನೇ ಜ್ವರ ಸತ್ತುಹೋಗಿದೆ. ಸತ್ತ ಜ್ವರ ಮೊಟ್ಟೇಲಿ ಹೆಂಗೆ ಬೆಳೆಯುತ್ತೆ? ಕೊಬ್ಬರಿ ಎಣ್ಣೆ ಬಿಟ್ಟ ಮೊದಲ ದಿನವೇ ಡಾಕ್ಟರು ನಂಗೆ ಇದನ್ನ ಹೇಳ್ಕೊಟ್ಟಿದ್ರು. ನಾನು ಅರ್ಧ ಕಲ್ತಿದ್ದೆ. ಕೈಯಲ್ಲಿ ಜ್ವರ ಸಾಯ್ಬೇಕು, ಶೀಶೇಲಿ ಬದುಕ್ಬೇಕು. ಈ ಅರ್ಧ ನನ್ನ ತಲೆಗೆ ಹೋಗಿರ್ಲಿಲ್ಲ.

ಆ ದಿನ ಹೇಳ್ಲಿಲ್ಲ. ಯಾಕೆ ಸುಳ್ಳು ಹೇಳ್ಬೇಕು, ಭಯ ಆಯ್ತು. ಮೊದಲು ಒಂದು ಸುಳ್ಳು ಹೇಳಿದೀನಿ, ಈಗ ನಿಜ ಹೇಳಿದ್ರೆ ಎರಡಕ್ಕೂ ಸೇರಿ ಆಚೆ ಹಾಕ್ತಾರೆ, ಮತ್ತೆ ಮಟನ್ ತಟ್ಟೆ. ಹೇಳ್ದೇ ಇದ್ರೆ ನಾಳೆಯಿಂದ ಎಂಟು ಸಲ ಜಾಲಿಸ್ತೀನಿ, ಕೆಲಸ ತಾನಾಗೇ ಸರಿ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ. ಹಿಂಗೆ ಲೆಕ್ಕ ಹಾಕ್ತಾ ಹಲಸೂರಿನ ನಮ್ಮನೆಗೆ ನಡೆದೆ. ಕೆಲಸ ಸರಿ ಹೋಗುತ್ತೆ, ಕೋಳಿ ಹೋಗಿರುತ್ತೆ. ಆಮೇಲೆ ಮೇಸ್ತ್ರಿ, "ನೋಡಿದ್ರಾ, ಆ ಕೋಳಿ ಹೋದ ಮೇಲೆ ಎಲ್ಲಾ ಸರಿಯಾಯ್ತು" ಅಂತಾರೆ. ದಂಡಿನ ತುಂಬಾ ಆಯಮ್ಮನಿಗೆ ರೋಗದ ಕೋಳಿಯೋಳು ಅಂತ ಹೆಸರಾಗುತ್ತೆ. ಆ ಮಾತು ತಲೆಗೆ ಬಂದ್ಮೇಲೆ ಲೆಕ್ಕ ಹಾಕೋದು ಬಿಟ್ಟೆ.

ಗುರುವಾರ ಬೆಳಗ್ಗೆ ಡಾಕ್ಟರ ಮೇಜಿನ ಮುಂದೆ ಹೋಗಿ ನಿಂತೆ. ಹೋದ ವಾರದ ಒಂದು ಟ್ಯೂಬಿಗೆ ನೀರು ಹಾಕಿ, ಬಾಯಿಗೆ ಹೆಬ್ಬೆಟ್ಟು ಒತ್ತಿ ಅಲ್ಲಾಡ್ಸಿದೆ.

ಅವರು ನೊರೆ ನೋಡಿದ್ರು. ನನ್ನ ಮುಖ ನೋಡಿದ್ರು.

"ಎಷ್ಟು ಸಲ ಜಾಲಿಸಿದ್ದೆ?"

"ಒಂದು."

"ಎಷ್ಟು ದಿನದಿಂದ?"

"ಡಬ್ಬ ಬಂದಾಗಿಂದ. ಮಂಗಳವಾರ ನಾನು ಹೇಳಿದ್ದು ಸುಳ್ಳು ಸಾರ್."

ಮೇಸ್ತ್ರಿ ಹಿಂದಿಂದ, "ಅರೆ ಹರಾಮ್‌ಖೋರ್!" ಅಂತ ಬಂದ್ರು. ಡಾಕ್ಟರು ಕೈ ಎತ್ತಿ ನಿಲ್ಸಿದ್ರು. ಇನ್ನೊಂದು ಟ್ಯೂಬು ತಗೊಂಡು ಅವರೇ ಅಲ್ಲಾಡ್ಸಿದ್ರು. ಮತ್ತೊಂದು. ಮತ್ತೊಂದು. ಎಲ್ಲದ್ರಲ್ಲೂ ನೊರೆ.

"ರಕ್ತ ಒಡೆದದ್ದೂ ಇದಕ್ಕೇ" ಅಂದ್ರು. "ರಕ್ತದ ಕಣಕ್ಕೂ ಜಿಡ್ಡಿನ ಹೊರಮೈ. ಸೋಪು ಅದನ್ನೂ ಬಿಡಲ್ಲ. ನಾನು ಮೊದಲ ಷರಬತ್ತು ನೋಡಿದ ದಿನವೇ ಒಂದು ಟ್ಯೂಬು ಅಲ್ಲಾಡ್ಸಿ ನೋಡ್ಬೇಕಿತ್ತು. ಆಯಮ್ಮ ಕೇಳಿದ್ದು ಸರಿ. ಒಳಗಿರೋದು ನಂಗೆಲ್ಲಿ ಕಂಡಿತ್ತು?"

"ಹಂಗಾದ್ರೆ ಕಾಗದ ಬರೆದು ಕೋಳಿ ಕೊಲ್ಲೋದು ನಿಲ್ಸಿ ಸಾರ್."

"ನೀನು ಹೇಳಿದೆ ಅಂತ ನಿಲ್ಸೋಕಾಗಲ್ಲ. ಕೋಳಿಗೆ ಕಾಯಿಲೆನೂ ಇರಬಹುದು, ಶೀಶೇಲಿ ಸೋಪೂ ಇರಬಹುದು. ಎರಡೂ ಇರಬಹುದಲ್ಲ? ತೋರಿಸ್ಬೇಕು." ಎದ್ದು ನಿಂತ್ರು. "ಅವಳ ಮೊಟ್ಟೆ ಕಾವಿನಲ್ಲಿ ಎಷ್ಟಿದೆ?"

ಹನ್ನೆರಡಿತ್ತು.

ಆವತ್ತು ಅವರು ಮಾಡಿದ ಕೆಲಸ ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಐಸ್ ಪೆಟ್ಟಿಗೇಲಿ, ಸೋಪಿನ ಡಬ್ಬ ಬರೋಕೆ ಮುಂಚೆಯೇ ಗಾಜಿನ ಬಾಯಿ ಕಾಯಿಸಿ ಮುಚ್ಚಿಟ್ಟ ಒಂದು ಶೀಶೆಯಷ್ಟು ಒಳ್ಳೇ ಜ್ವರದ ನೀರಿತ್ತು. ನಂಗೆ, "ನಾಲ್ಕು ಟ್ಯೂಬು ತೊಳಿ. ನೀನೇ ತೊಳೀಬೇಕು" ಅಂದ್ರು. ಬಾವಿ ಸೇದಿ ಎಂಟಲ್ಲ, ಹತ್ತು ಸಲ ಜಾಲಿಸಿ ಕೊಟ್ಟೆ. ಜ್ವರದ ನೀರನ್ನ ಎರಡು ಟ್ಯೂಬಿಗೆ ಅರ್ಧರ್ಧ ಹಾಕಿದ್ರು. ಒಂದಕ್ಕೆ ನಮ್ಮ ಡಬ್ಬದ ಸೋಪಿನ ನೀರು ಕೆಲವು ತೊಟ್ಟು. ಇನ್ನೊಂದಕ್ಕೆ ಅಷ್ಟೇ ತೊಟ್ಟು ಬರೀ ನೀರು. ಅರ್ಧ ಗಂಟೆ ಬಿಟ್ರು. ಆಮೇಲೆ ಎರಡನ್ನೂ ಉಳಿದೆರಡು ಟ್ಯೂಬಿಗೆ ಹಾಕಿ ಒಂದೇ ಸಮ ಉಪ್ಪುನೀರಲ್ಲಿ ತುಂಬಾ ತೆಳು ಮಾಡಿದ್ರು. ಸೋಪು ಜಾಸ್ತಿ ಉಳಿದು ಮರಿಗೆ ತೊಂದ್ರೆ ಆಗ್ಬಾರ್ದು ಅಂತ. ಆರು ಮೊಟ್ಟೆಗೆ ಇದು, ಆರು ಮೊಟ್ಟೆಗೆ ಅದು. ಆಮೇಲೆ ನಾವಿಬ್ಬರೂ ಆಚೆ ಹೋದ್ವಿ, ಮೇಸ್ತ್ರಿ ಮೊಟ್ಟೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಎಲ್ಲಾ ಬೆರೆಸಿಟ್ರು. ಯಾವ ಗುರುತು ಯಾವುದರದ್ದು ಅಂತ ಮೇಸ್ತ್ರಿಗೆ ಮಾತ್ರ ಗೊತ್ತು. ಡಾಕ್ಟರು ತಾವೇ ತಮ್ಮ ಕಣ್ಣನ್ನ ನಂಬ್ಲಿಲ್ಲ.

ಎರಡು ದಿನ ಕಾಯ್ಬೇಕು. ನಾನು ದಿನಕ್ಕೆ ಇಪ್ಪತ್ತು ಸಲ ಕಾವು ಪೆಟ್ಟಿಗೆ ಹತ್ರ ಹೋಗ್ತಿದ್ದೆ. "ನೀನು ಕಾವು ಕೂತ್ರೆ ಬೇಗ ಆಗಲ್ಲ, ಹೋಗೋ" ಅಂತ ಮೇಸ್ತ್ರಿ ಓಡಿಸ್ತಿದ್ರು. ಆದ್ರೂ ಅವರೇ ನನಗಿಂತ ಜಾಸ್ತಿ ಹೋಗಿ ದೀಪದ ಬತ್ತಿ ಸರಿ ಮಾಡ್ತಿದ್ರು.

ಶನಿವಾರ ಮೊಟ್ಟೆ ಒಡೆದು ನೀರು ತೆಗೆದ್ರು. ಅವಳದೇ ಕೋಳಿ ರಕ್ತ ಬೆರೆಸಿದ್ರು. ನಾನು ಹತ್ತತ್ತು ಸಲ ಜಾಲಿಸಿದ ಹನ್ನೆರಡು ಟ್ಯೂಬು ಮರದ ಸ್ಟ್ಯಾಂಡಲ್ಲಿ ನಿಲ್ಸಿ ಮೂರು ಜನನೂ ಬೆಂಚಿನ ಮೇಲೆ ಕೂತ್ವಿ. ಮುಕ್ಕಾಲು ಗಂಟೆ ಆದ ಮೇಲೆ ಡಾಕ್ಟರು ಸ್ಟ್ಯಾಂಡನ್ನ ಎತ್ತಿ ಕೆಳಗಿಂದ ನೋಡಿದ್ರು.

"ಇದು ಚಾಪೆ. ಇದು ಬೊಟ್ಟು. ಬೊಟ್ಟು. ಚಾಪೆ." ಒಂದೊಂದಾಗಿ ಓದಿದ್ರು. ಮೇಸ್ತ್ರಿ ಚೀಟಿ ಹಿಡ್ಕೊಂಡು ಗುರುತು ಹಾಕಿದ್ರು. ಕೊನೆಗೆ ಮೇಸ್ತ್ರಿ ಚೀಟಿ ನೋಡಿ, ಟೋಪಿ ತೆಗೆದು ತಲೆ ಕೆರ್ಕೊಂಡ್ರು.

"ಸೋಪಿಂದು ಆರೂ ಬೊಟ್ಟು ಸಾಬ್. ಬರೀ ನೀರಿಂದು ಆರೂ ಚಾಪೆ."

ನೀವೇ ಯೋಚ್ನೆ ಮಾಡಿ. ಹಾಸಿಗೆ ಹಾಸಿಗೆಗೆ ಹತ್ತೋ ಜ್ವರ. ಗಟ್ಟಿ ಗಟ್ಟಿ ಸಿಪಾಯಿಗಳನ್ನ ಮಲಗಿಸೋ ಜ್ವರ. ಅದನ್ನ ಡಬ್ಬದಲ್ಲಿರೋ ಪಾಕದಂಥಾ ಸೋಪಿನ ನಾಲ್ಕು ತೊಟ್ಟು ಅರ್ಧ ಗಂಟೇಲಿ ಮುಗಿಸಿಬಿಡ್ತು. ಬೆಂಕಿ ಇಲ್ಲ, ಔಷಧಿ ಇಲ್ಲ, ಶಬ್ದ ಇಲ್ಲ. ಬರೀ ಜಿಡ್ಡು ಹಿಡಿದು ಎಳೆಯೋದು. ಮಟನ್ ತಟ್ಟೇಲಿ ಮಾಡೋ ಅದೇ ಕೆಲಸ. ನಾನು ಆವತ್ತು ಆ ಡಬ್ಬ ನೋಡಿದ ಹಾಗೆ ಯಾವ ದೇವರ ಪಟನೂ ನೋಡಿಲ್ಲ.

ಡಾಕ್ಟರು ಹೇಳಿದ್ದು ಬೇರೆ. "ಮೊಟ್ಟೇಲಿ ಜ್ವರ ಚೆನ್ನಾಗಿ ಬೆಳೆದಿದೆ. ರಕ್ತ ಒಡೆದಿಲ್ಲ. ಕೋಳಿಗಳು ಚೆನ್ನಾಗಿವೆ." ಕೂಡಲೇ ಕಾಗದ ಬರೆದು ನನ್ನ ಕೈಲಿ ದನದ ಡಾಕ್ಟರ ಆಫೀಸಿಗೆ ಕಳಿಸಿದ್ರು. ಓಡ್ದೆ. ಬಾಗಿಲು ಹಾಕಿತ್ತು. ಶನಿವಾರ ಅರ್ಧ ದಿನ. ಇನ್ನು ಸೋಮವಾರನೇ, ಅಷ್ಟು ಹೊತ್ತಿಗೆ ಅವರ ಜನ ಹೊರಟಿರ್ತಾರೆ.

ಸೋಮವಾರ ಬೆಳಗಾಗ್ತಿದ್ದ ಹಾಗೇ ಡಾಕ್ಟರು ಸೈಕಲ್ ತೆಗೆದ್ರು. ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತೆ. ದಾರೀಲಿ ರೈಲ್ವೆ ಗೇಟು ಹಾಕಿತ್ತು, ರೈಲು ಹೋಗೋವರೆಗೂ ನಿಂತ್ವಿ. ನಾವು ಬಾಣಸವಾಡಿ ತಲುಪೋಷ್ಟರಲ್ಲಿ ಎರಡು ಜನ ಗೋಣಿ ಚೀಲ, ಸುಣ್ಣದ ಡಬ್ಬ ಹಿಡ್ಕೊಂಡು ಅವಳ ಮನೆ ಮುಂದೆ ನಿಂತಿದ್ರು. ಒಬ್ಬ ಗುಂಡಿ ತೋಡೋಕೆ ಶುರು ಮಾಡಿದ್ದ. ಅಕ್ಕಪಕ್ಕದ ಮನೆ ಹೆಂಗಸರು ಸೇರಿದ್ರು. ಮೊಟ್ಟೆಯಮ್ಮ ಅಷ್ಟೂ ಕೋಳೀನ ಅಂಗಳದಲ್ಲಿ ದೊಡ್ಡ ದೊಡ್ಡ ಬಿದಿರು ಮಂಕರಿ ಕೆಳಗೆ ಮುಚ್ಚಿಟ್ಟು, ಮೇಲೆ ಕಲ್ಲು ಹೇರಿ, ಜಗಲಿ ಮೇಲೆ ಕೂತಿದ್ಲು. ಯಾರ ಜೊತೆನೂ ಜಗಳ ಆಡ್ತಿರ್ಲಿಲ್ಲ. ಅದನ್ನ ನೋಡಿ ನಂಗೆ ಹೆದರಿಕೆ ಆಯ್ತು.

ಡಾಕ್ಟರು ಸೈಕಲ್ ಸ್ಟ್ಯಾಂಡ್ ಹಾಕ್ಲೂ ಇಲ್ಲ, ಬೇಲಿಗೆ ಒರಗಿಸಿದ್ರು. ಆ ಇಬ್ಬರಿಗೆ ಕಾಗದ ಕೊಟ್ಟು, ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು.

"ಈ ಕೋಳಿಗಳಿಗೆ ಯಾವ ಕಾಯಿಲೆನೂ ಇಲ್ಲ. ತಪ್ಪು ನಮ್ಮ ಲ್ಯಾಬಿಂದು. ನಾನೇ ಸರಿಯಾಗಿ ನೋಡದೆ ಈಯಮ್ಮನ ಮೇಲೆ ಹಾಕಿದೆ."

"ತಪ್ಪು ಇವರದಲ್ಲ, ನಂದು" ಅಂದೆ ನಾನು. "ಶೀಶೇಲಿ ಸೋಪು ಬಿಟ್ಟೋನು ನಾನು. ಅದಕ್ಕೇ ಎಲ್ಲಾ ಕೆಟ್ಟದ್ದು."

ಮೊಟ್ಟೆಯಮ್ಮ ನನ್ನನ್ನ ಮೇಲಿಂದ ಕೆಳಗೆ ನೋಡಿದ್ಲು.

"ಸೋಪು ಬಿಟ್ಟಿದ್ದಕ್ಕೆ ನನ್ನ ಕೋಳಿ ಯಾಕ್ಲಾ ಸಾಯ್ಬೇಕು?"

ನಾನು ಕೊಬ್ಬರಿ ಎಣ್ಣೆ ಕಥೆ, ತಲೆ ಬಾಲದ ಕಥೆ, ಎಲ್ಲಾ ಹೇಳ್ದೆ. ನಿಂತಿದ್ದ ಹೆಂಗಸರೂ ಕೇಳಿದ್ರು. ಅರ್ಧಕ್ಕೇ ಅವಳು ತಡೆದ್ಲು.

"ಅಂದ್ರೆ ಸೋಪು ಹಾಕ್ದಾಗ ಜ್ವರ ಸತ್ತೋಯ್ತು."

"ಹೂಂ."

"ನೀವು ಜ್ವರ ಬದುಕ್ಲಿ ಅಂತ ನೋಡ್ತಿದ್ರಿ."

"ಹೂಂ ಅಮ್ಮ."

"ಸೋಪು ತನ್ನ ಕೆಲಸ ಸರಿಯಾಗಿ ಮಾಡೈತೆ. ಕೋಳಿನೂ ತನ್ನ ಕೆಲಸ ಸರಿಯಾಗಿ ಮಾಡೈತೆ. ಮಾಡ್ದೇ ಇದ್ದೋನು ನೀನೊಬ್ಬನೇ."

ಹೆಂಗಸರು ನಕ್ರು. ಡಾಕ್ಟರೂ ನಕ್ರು. ನಾನು ತಲೆ ಬಗ್ಗಿಸ್ದೆ. ಅವಳು ನಗ್ಲಿಲ್ಲ. ಡಾಕ್ಟರ ಕಡೆ ತಿರುಗಿದ್ಲು.

"ಹೇಳೋಕೆ ನೀವೇ ಬಂದ್ರಿ ಸ್ವಾಮಿ. ಬೇರೆಯೋರಾಗಿದ್ರೆ ಚೀಟಿ ಕಳಿಸೋರು." ಮಂಕರಿಗಳ ಕಡೆ ಕೈ ತೋರಿಸಿದ್ಲು. "ಮುಚ್ಚೋಕೆ ನಂಗೆ ಬೆಳಗಿನ ಜಾವದಿಂದ ಆಗೈತೆ. ಸೊಂಟ ಬಿದ್ದೋಯ್ತು. ನೀವೇ ತೆಗೀರಿ, ಇಬ್ರೂ."

ಡಾಕ್ಟರು ಕೋಟು ಬಿಚ್ಚಿ ಬೇಲಿ ಮೇಲೆ ಹಾಕಿದ್ರು. ನಾನು ಕಲ್ಲು ಎತ್ತಿ ಎತ್ತಿ ಪಕ್ಕಕ್ಕಿಟ್ಟೆ, ಅವರು ಮಂಕರಿ ಎತ್ತಿದ್ರು. ಮೊದಲನೇದ್ರಿಂದ ಒಂದು ಹುಂಜ ಅವರ ಭುಜಕ್ಕೆ ಹಾರಿ, ಅಲ್ಲಿಂದ ಬೇಲಿಗೆ ಹಾರ್ತು. ಆಮೇಲೆ ಎಲ್ಲಾ ಒಂದೇ ಸಲ. ಗುಂಡಿ ತೋಡ್ತಿದ್ದೋನು ಸನಿಕೆ ಬಿಟ್ಟು ಪಕ್ಕಕ್ಕೆ ಸರಿದ. ಕೋಳಿಗಳು ಅವನು ಎತ್ತಿ ಹಾಕಿದ್ದ ಹಸಿ ಮಣ್ಣಿನ ಮೇಲೆ ಹತ್ತಿ ಹುಳ ಕೆದಕೋಕೆ ಶುರು ಮಾಡಿದ್ವು. ಮೊಟ್ಟೆಯಮ್ಮ ಜಗಲಿಯಿಂದ ಇಳಿದು, ಒಂದೊಂದರ ಕಡೆ ಬೆರಳು ತೋರಿಸ್ತಾ ಎಲ್ಲಾ ಇದಾವಾ ಅಂತ ನೋಡ್ಕೊಳ್ತಿದ್ಲು.